ಆಷಾಢದ ಮಳೆಯಲ್ಲಿ ಸ್ಕ್ರೀನ್ ಒಣಗುತ್ತಿಲ್ಲ: ತಾಂಬೂಲದ ಚೀಲಕ್ಕೆ ಮನೆಯಲ್ಲೇ ಪ್ರಿಂಟ್ ಹಾಕುವುದು ಹೇಗೆ?

ಸಾಗರದವಳು

ಎಲ್ಲರಿಗೂ ನಮಸ್ಕಾರ. ಶ್ರಾವಣದಲ್ಲಿ ತಮ್ಮನ ಮದುವೆ. ತಾಂಬೂಲಕ್ಕೆ 150 ಹತ್ತಿ ಚೀಲ ತರಿಸಿದ್ದೇವೆ. ಚೀಲದ ಮೇಲೆ ಒಂದು ಸಿಂಗಾರದ, ಅಂದರೆ ಅಡಿಕೆ ಹೂವಿನ, ಚಿತ್ರ, ಅದರ ಕೆಳಗೆ ‘ಕೃತಜ್ಞತೆಗಳು’ ಅಂತ ಒಂದೇ ಪದ ಬರಬೇಕು. ನಾನೇ ಸ್ಕ್ರೀನ್ ಪ್ರಿಂಟ್ ಮಾಡಿಕೊಡುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೇನೆ. ಈ ಕೆಲಸ ಕಲಿಯಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಸಾಮಾನು ಇಷ್ಟು: ಮೆಶ್ (ಸಣ್ಣ ತೂತಿನ ಜಾಲರಿ ಬಟ್ಟೆ) ಎಳೆದು ಕಟ್ಟಿದ ಮರದ ಫ್ರೇಮ್ ಮೂರು, 43ಟಿ ಮೆಶ್. ಫೋಟೋ ಎಮಲ್ಷನ್ (ಬೆಳಕು ಬಿದ್ದರೆ ಗಟ್ಟಿಯಾಗುವ ಲೇಪ) ಒಂದು ಡಬ್ಬಿ. ಅದಕ್ಕೆ ಬೆರೆಸುವ ಕಿತ್ತಳೆ ಬಣ್ಣದ ಬೈಕ್ರೋಮೇಟ್ ಪುಡಿ. ಬಣ್ಣವನ್ನು ಮೆಶ್ ಮೇಲೆ ಎಳೆಯುವ ರಬ್ಬರ್ ಸ್ಕ್ವೀಜಿ. ಬಟ್ಟೆಗೆ ಹಾಕುವ ಪಿಗ್ಮೆಂಟ್ ಬಣ್ಣ, ಅದು ಬಟ್ಟೆಗೆ ಕಚ್ಚಿ ಹಿಡಿಯಲು ಬೈಂಡರ್, ಫಿಕ್ಸರ್. ಚಿತ್ರವನ್ನು ಟ್ರೇಸಿಂಗ್ ಪೇಪರ್ ಮೇಲೆ ಲೇಸರ್ ಪ್ರಿಂಟ್ ತೆಗೆಸಿದ್ದೇನೆ.

ಮೂರು ಸಲ ಮಾಡಿದೆ. ಮೂರೂ ಸಲ ಕೆಟ್ಟಿತು.

ಮೊದಲನೇ ಸಲ ರಾತ್ರಿ ಬಚ್ಚಲುಮನೆಯಲ್ಲಿ ಹಳದಿ ಝೀರೋ ಬಲ್ಬ್ ಹಾಕಿಕೊಂಡು ಎಮಲ್ಷನ್ ಬಳಿದೆ. ಅಲ್ಲೇ ಗೋಡೆಗೆ ಒರಗಿಸಿ ಬಾಗಿಲು ಹಾಕಿದೆ. ಬೆಳಗ್ಗೆ ಮುಟ್ಟಿದರೆ ಕೈಗೆ ಅಂಟಲಿಲ್ಲ. ಸ್ವಲ್ಪ ಬಿಸಿಲು ಬಂತು, ಸ್ಕ್ರೀನ್ ಮೇಲೆ ಚಿತ್ರದ ಪೇಪರ್, ಅದರ ಮೇಲೆ ಗಾಜು ಇಟ್ಟು ಮೂರು ನಿಮಿಷ ಬಿಸಿಲಿಗೆ ಕಾಯಿಸಿದೆ. ನೀರು ಹಾಕಿದ್ದೇ ತಡ, ಹಾಲಿನ ಕೆನೆ ಸರಿದ ಹಾಗೆ ಎಮಲ್ಷನ್ ಪೂರ್ತಿ ಜಾರಿ ಹೋಯಿತು. ಬರೀ ಬಿಳಿ ಮೆಶ್ ಉಳಿಯಿತು.

ಎರಡನೇ ಸಲ ಎಂಟು ನಿಮಿಷ ಬಿಸಿಲಿಗಿಟ್ಟೆ. ಅರ್ಧ ನಿಂತಿತು, ಅರ್ಧ ಹೋಯಿತು.

ಮೂರನೇ ಸಲ ಮೂರೂ ಫ್ರೇಮಿಗೆ ಒಟ್ಟಿಗೆ ಬಳಿದು, ಕಪ್ಪು ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟೆ. ಮಳೆ ಬಿಡಲಿ ಎಂದು ನಾಲ್ಕು ದಿನ ಕಾದೆ. ಬಿಸಿಲು ಬಂದ ತಕ್ಷಣ ಒಂದನ್ನು ಕಾಯಿಸಿ ತೊಳೆದೆ. ಈ ಸಲ ಏನೂ ಜಾರಲಿಲ್ಲ. ಆದರೆ ಚಿತ್ರ ತೆರೆಯಲೇ ಇಲ್ಲ. ಬೆಳಕಿಗೆ ಹಿಡಿದರೆ ಸಿಂಗಾರದ ಒಂದೊಂದು ಎಳೆಯೂ ತಿಳಿ ಹಳದಿಯಾಗಿ ಕಾಣುತ್ತದೆ, ನೀರು ಮಾತ್ರ ಅದನ್ನು ದಾಟುವುದಿಲ್ಲ. ಅರ್ಧ ಗಂಟೆ ತೊಳೆದೆ.

ಮೊದಲು ಕಡಿಮೆ ಕಾಯಿತು, ಆಮೇಲೆ ಜಾಸ್ತಿ ಕಾಯಿತು ಅಂದುಕೊಂಡರೂ ಲೆಕ್ಕ ಕೂಡುತ್ತಿಲ್ಲ. ಮೂರನೇ ಸಲವೂ ಮೂರೇ ನಿಮಿಷ ಇಟ್ಟಿದ್ದೆ. ಬಲ್ಲವರು ಯಾರಾದರೂ ಹೇಳಿ.

ಸುಲ್ತಾನ್‌ಪೇಟೆ ಹಳಬ

ತಂಗಿ, ನಾನು 22 ವರ್ಷ ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್ ಹೊಡೆದವನು. ಈಗ ಅಂಗಡಿ ಮಗ ನೋಡಿಕೊಳ್ಳುತ್ತಾನೆ. ನೀವು ಬಿಸಿಲಿನ ಲೆಕ್ಕ ಹಿಡಿದುಕೊಂಡಿದ್ದೀರಿ. ಮೊದಲು ಒಣಗುವ ಲೆಕ್ಕ ನೋಡಿ.

ಎಮಲ್ಷನ್ ಕೈಗೆ ಅಂಟಲಿಲ್ಲ ಅಂದರೆ ಒಣಗಿದೆ ಅಂತ ಅರ್ಥ ಅಲ್ಲ. ಮೇಲೆ ತೊಗಲು ಕಟ್ಟಿರುತ್ತದೆ, ಒಳಗೆ ನೀರು ಹಾಗೇ ಇರುತ್ತದೆ. ಒಳಗೆ ನೀರಿದ್ದರೆ ಎಷ್ಟು ಬಿಸಿಲಿಗಿಟ್ಟರೂ ಅದು ಮೆಶ್‌ಗೆ ಕಚ್ಚುವುದಿಲ್ಲ. ನಿಮ್ಮ ಮೊದಲ ಎರಡು ಸ್ಕ್ರೀನ್ ಹೋಗಿದ್ದು ಇದರಿಂದಲೇ. ಬಚ್ಚಲಲ್ಲಿ ಒಣಗಿಸಿದ್ದೀರಿ. ಹಂಡೆ ನೀರಿನ ಹಬೆ ಇರುವ ಜಾಗ ಅದು!

ನಾವು ನೋಡುತ್ತಿದ್ದ ರೀತಿ ಹೀಗೆ. ಬೆರಳಿನ ಬೆನ್ನನ್ನು ಮೆಲ್ಲಗೆ ಎಮಲ್ಷನ್ ಮೇಲೆ ಇಡಿ. ತಣ್ಣಗೆ ಅನ್ನಿಸಿದರೆ ಇನ್ನೂ ಹಸಿ. ಪಕ್ಕದ ಮರದ ಫ್ರೇಮ್ ಎಷ್ಟು ಬೆಚ್ಚಗಿದೆಯೋ ಇದೂ ಅಷ್ಟೇ ಇರಬೇಕು. ಫ್ರೇಮನ್ನು ನಿಲ್ಲಿಸಿ ಒಣಗಿಸಬೇಡಿ, ಎಮಲ್ಷನ್ ಕೆಳಕ್ಕೆ ಇಳಿದು ಒಂದು ಕಡೆ ದಪ್ಪ ಆಗುತ್ತದೆ. ಬಟ್ಟೆಗೆ ತಾಗುವ ಮೈ ಕೆಳಗೆ ಬರುವ ಹಾಗೆ, ನಾಲ್ಕು ಮೂಲೆಗೆ ಏನಾದರೂ ಕೊಟ್ಟು, ಮಲಗಿಸಿ ಒಣಗಿಸಿ. ಫ್ಯಾನ್ ಹಾಕಿ.

ಮೂರನೆಯದು ಬೇರೆ ರೋಗ. ಅದನ್ನು ಮೇಷ್ಟ್ರು ಹೇಳಲಿ.

ಹಾಸನದ ಮೇಷ್ಟ್ರು

ಹೇಳುತ್ತೇನೆ ಸರ್. ನಾನು ಕೆಮಿಸ್ಟ್ರಿ ಪಾಠ ಮಾಡುವವನು. ರಜೆಯಲ್ಲಿ ಮಕ್ಕಳ ಜೊತೆ ಸ್ಕ್ರೀನ್ ಪ್ರಿಂಟ್ ಮಾಡುತ್ತೇನೆ.

ಆ ಕಿತ್ತಳೆ ಪುಡಿಯಲ್ಲಿ ಇರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಬೆಳಕು ಬಿದ್ದಾಗ ಅದು ಟ್ರೈವೇಲೆಂಟ್ ಎಂಬ ಬೇರೆ ರೂಪಕ್ಕೆ ತಿರುಗುತ್ತದೆ. ಹಾಗೆ ಆದದ್ದು ಎಮಲ್ಷನ್ನಿನಲ್ಲಿರುವ ಪಾಲಿವಿನೈಲ್ ಆಲ್ಕೋಹಾಲಿನ ಉದ್ದುದ್ದ ಎಳೆಗಳನ್ನು ಒಂದಕ್ಕೊಂದು ಕಟ್ಟಿ ಹಾಕುತ್ತದೆ. ಕಟ್ಟು ಬಿದ್ದ ಜಾಗ ಆಮೇಲೆ ನೀರಿಗೆ ಕರಗುವುದಿಲ್ಲ. ಟ್ರೇಸಿಂಗ್ ಪೇಪರಿನ ಕಪ್ಪು ಅಡ್ಡ ಇದ್ದ ಜಾಗ ಕರಗಿ ಹೋಗುತ್ತದೆ. ಅದೇ ನಿಮ್ಮ ಚಿತ್ರ. ಬೈಕ್ರೋಮೇಟ್ ಹಚ್ಚಿದ ಕಾಗದ ಬಿಸಿಲಿಗೆ ಬಣ್ಣ ಬದಲಿಸುತ್ತದೆ ಎಂದು ಸ್ಕಾಟ್ಲೆಂಡಿನ ಮಂಗೊ ಪಾಂಟನ್ 1839ರಲ್ಲೇ ತೋರಿಸಿದ್ದರು. ಇವತ್ತು ನಿಮ್ಮ ಅಂಗಳದಲ್ಲಿ ನಡೆಯುತ್ತಿರುವುದೂ ಅದೇ ಗುಣದ ಕೆಲಸ.

ಈ ಕಟ್ಟುವ ಕೆಲಸ ಕತ್ತಲೆಯಲ್ಲೂ ನಿಧಾನವಾಗಿ ನಡೆಯುತ್ತದೆ. ಸೆಕೆ, ತೇವ ಇದ್ದರೆ ಬೇಗ ನಡೆಯುತ್ತದೆ. ನಾಲ್ಕು ದಿನ ಮಳೆಗಾಲದ ಬೀರುವಿನಲ್ಲಿ ಇಟ್ಟಿರಲ್ಲ, ಬಿಸಿಲು ನೋಡುವ ಮೊದಲೇ ನಿಮ್ಮ ಸ್ಕ್ರೀನ್ ಗಟ್ಟಿಯಾಗಿತ್ತು. ಉಳಿದ ಎರಡೂ ಹಾಗೇ ಆಗಿರುತ್ತವೆ, ಅವನ್ನು ಕಾಯಿಸಿ ನೋಡಲು ಹೋಗಬೇಡಿ. ಬೈಕ್ರೋಮೇಟ್ ಹಾಕಿದ ಸ್ಕ್ರೀನನ್ನು ಒಣಗಿದ ದಿನವೇ ಬಳಸಬೇಕು.

ಇನ್ನೊಂದು ಮಾತು ಮೇಡಂ, ಇದು ಎಲ್ಲಕ್ಕಿಂತ ಮುಖ್ಯ. ನೀವು ಕೈಗವಸು ಹಾಕಿಕೊಂಡ ವಿಚಾರ ಬರೆದಿಲ್ಲ. ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿದರೆ ಮತ್ತೆ ಬಿಡುವುದಿಲ್ಲ. ಪುಡಿಯ ದೂಳು ಉಸಿರಿಗೆ ಹೋಗಲೇಬಾರದು. ತೊಳೆದ ನೀರು ಬಾವಿ ಕಡೆ, ತೋಟದ ಕಡೆ ಹರಿಯಬಾರದು. ಸಾಧ್ಯವಾದರೆ ಆ ಪುಡಿ ಬಿಟ್ಟು, ಅದೇ ಕೆಲಸ ಮಾಡುವ ಡಯಾಜೊ ಸೆನ್ಸಿಟೈಸರ್ ಇರುವ ಎಮಲ್ಷನ್ ತರಿಸಿಕೊಳ್ಳಿ. ಕಾಯಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಬೆಲೆಯೂ ಜಾಸ್ತಿ. ಆದರೆ ಕ್ರೋಮಿಯಂ ಇಲ್ಲ. ಬಳಿದ ಸ್ಕ್ರೀನ್ ಕತ್ತಲಲ್ಲಿ ಕೆಲವು ದಿನ ತಡೆದುಕೊಳ್ಳುತ್ತದೆ.

ಸುಲ್ತಾನ್‌ಪೇಟೆ ಹಳಬ

ಮೇಷ್ಟ್ರು ಹೇಳಿದ್ದು ನಿಜ. ನಮ್ಮ ಕಾಲದಲ್ಲಿ ಯಾರೂ ಹೇಳಲಿಲ್ಲ. ಬರಿಗೈಯಲ್ಲೇ ಕಲಸಿದೆವು. ನನ್ನ ಬಲಗೈ ಬೆರಳ ಸಂದಿಯಲ್ಲಿ ಈಗಲೂ ಬೇಸಿಗೆ ಬಂದರೆ ಬಿರುಕು ಬಿಡುತ್ತದೆ. ಡಯಾಜೊ ತರಿಸಿ ತಂಗಿ. ಮಗನ ಅಂಗಡಿಯಲ್ಲೂ ಈಗ ಅದೇ.

ಧಾರವಾಡದ ಹೊಸಬ

ನಡುವೆ ಬಂದದ್ದಕ್ಕೆ ಕ್ಷಮಿಸಿರಿ. ನಂದು ಉಲ್ಟಾ ಸಮಸ್ಯೆ. ಅಕ್ಷರಶಃ ಉಲ್ಟಾ. ಟೀ ಶರ್ಟ್ ಮೇಲೆ ಹೆಸರು ಹೊಡೆದರೆ ಕನ್ನಡಿಯಲ್ಲಿ ಓದುವ ಹಾಗೆ ಬಂತು. ಇನ್ನೊಂದು, ಮೇ ತಿಂಗಳಲ್ಲಿ ಮಾಡಿದೆ, ಮೂರನೇ ಶರ್ಟಿಗೇ ಮೆಶ್‌ನಲ್ಲಿ ಬಣ್ಣ ಒಣಗಿ ತೂತು ಮುಚ್ಚಿದವು. ಏನು ಮಾಡಲಿ?

ಸುಲ್ತಾನ್‌ಪೇಟೆ ಹಳಬ

ಟ್ರೇಸಿಂಗ್ ಪೇಪರಿನಲ್ಲಿ ಮಸಿ ಇರುವ ಮೈ ಎಮಲ್ಷನ್ನಿಗೆ ತಾಗಬೇಕು. ಮೇಲಿಂದ ನೋಡಿದಾಗ ಅಕ್ಷರ ಉಲ್ಟಾ ಕಾಣಬೇಕು. ಆಗ ಬಟ್ಟೆ ಮೇಲೆ ನೆಟ್ಟಗೆ ಬರುತ್ತದೆ. ಮಸಿ ಮೇಲ್ಗಡೆ ಇಟ್ಟರೆ ಉಲ್ಟಾ ಬರುವುದು ಮಾತ್ರ ಅಲ್ಲ, ಕಾಗದದ ದಪ್ಪದ ಸಂದಿಯಲ್ಲಿ ಬೆಳಕು ನುಗ್ಗಿ ಸಣ್ಣ ಗೆರೆಗಳನ್ನು ತಿಂದುಬಿಡುತ್ತದೆ.

ತಿರುಪ್ಪೂರು ಕನ್ನಡಿಗ

ಬಣ್ಣ ಒಣಗುವ ವಿಚಾರ ನಾನು ಹೇಳುತ್ತೇನೆ ಅಣ್ಣ. ಪ್ರತಿ ಸಲ ಹೊಡೆದ ಮೇಲೆ ಸ್ಕ್ರೀನನ್ನು ಸ್ವಲ್ಪ ಎತ್ತಿ, ಒತ್ತದೆ, ಬಣ್ಣವನ್ನು ಚಿತ್ರದ ಮೇಲೆ ಒಮ್ಮೆ ಎಳೆದು ಮುಚ್ಚಿಡಿ. ಮೆಶ್ ಗಾಳಿಗೆ ತೆರೆದಿರಬಾರದು. ಮುಂದಿನ ಶರ್ಟ್ ಹಾಸುವಷ್ಟು ಹೊತ್ತು ಬಣ್ಣದ ಕೆಳಗೇ ಇರಬೇಕು. ಫ್ಯಾನ್ ಆರಿಸಿ. ಬಣ್ಣ ಗಟ್ಟಿ ಅನ್ನಿಸಿದರೆ ಸ್ಪ್ರೇ ಬಾಟಲಿಯಿಂದ ಒಂದೆರಡು ಸಲ ನೀರು ಸಿಂಪಡಿಸಿ. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಕೂರಿ. ಹತ್ತು ಗಂಟೆ ಮೇಲೆ ನಿಮ್ಮ ಕಡೆ ಗಾಳಿ ಬಹಳ ಒಣ ಇರುತ್ತದೆ.

ಸಾಗರದವಳು

ಎಲ್ಲರಿಗೂ ಮನಸಾರೆ ಧನ್ಯವಾದ. ಹತ್ತು ದಿನದ ನಂತರ ಬರೆಯುತ್ತಿದ್ದೇನೆ.

ಡಯಾಜೊ ತರಿಸಿದೆ. ಬೈಕ್ರೋಮೇಟ್ ಡಬ್ಬಿ ಮುಚ್ಚಿ, ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಎತ್ತಿಟ್ಟಿದ್ದೇನೆ.

ಒಣಗಿಸಲು ಅಮ್ಮ ಒಂದು ದಾರಿ ತೋರಿಸಿದರು. ಮಳೆಗಾಲದಲ್ಲಿ ಮಗುವಿನ ಬಟ್ಟೆಯನ್ನು ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುತ್ತಾರಲ್ಲ, ಹಾಗೆ. ಒಂದು ಸ್ಕ್ರೀನ್ ಹಾಗೆ ಮಾಡಿದೆ. ಒಣಗಿದ್ದೇನೋ ಒಣಗಿತು, ಆದರೆ ಬೂದಿಯ ಕಣ ಕೂತು ಸೂಜಿಮೊನೆಯಂಥ ತೂತುಗಳು ಬಂದವು. ಆಮೇಲೆ ಫ್ಯಾನ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಫ್ರೇಮ್ ಮಲಗಿಸಿ, ಪಕ್ಕದಲ್ಲಿ ತೂತು ಮಾಡಿ ಹೇರ್ ಡ್ರೈಯರನ್ನು ಬಿಸಿ ಇಲ್ಲದೆ ಬರೀ ಗಾಳಿಗೆ ಇಟ್ಟೆ. ಮಧ್ಯೆ ಮಧ್ಯೆ ಆರಿಸಿ ಮತ್ತೆ ಹಾಕುತ್ತಾ ಎರಡೂವರೆ ಗಂಟೆ. ಬೆರಳಿನ ಬೆನ್ನು ಇಟ್ಟರೆ ಫ್ರೇಮ್‌ನಷ್ಟೇ ಬೆಚ್ಚಗೆ. ಹಳಬ ಸರ್, ನಿಮ್ಮ ಈ ಒಂದು ಮಾತಿಗೆ ನಾನು ಎಷ್ಟು ನೆನೆದರೂ ಕಡಿಮೆ.

ಬಿಸಿಲನ್ನು ನಂಬುವುದೂ ಬಿಟ್ಟೆ. ಇಲ್ಲಿ ಈಗ ಹತ್ತು ನಿಮಿಷಕ್ಕೊಂದು ಮೋಡ. ಒಂದು ಮರದ ಪೆಟ್ಟಿಗೆಯಲ್ಲಿ ನಾಲ್ಕು ಟ್ಯೂಬ್‌ಲೈಟ್ ಜೋಡಿಸಿ ಮೇಲೆ ಗಾಜು ಹಾಕಿಸಿದೆ. ಎಷ್ಟು ನಿಮಿಷ ಬೇಕು ಅಂತ ತಿಳಿಯಲು ಚಿತ್ರದ ಮೇಲೆ ಕಪ್ಪು ರಟ್ಟು ಮುಚ್ಚಿ, ಎರಡೆರಡು ನಿಮಿಷಕ್ಕೆ ಒಂದೊಂದು ಬೆರಳಗಲ ಸರಿಸುತ್ತಾ ಹೋದೆ. ತೊಳೆದಾಗ ಒಂದೇ ಸ್ಕ್ರೀನ್ ಮೇಲೆ ಎಂಟು ಪಟ್ಟಿ. 4 ನಿಮಿಷದ್ದು ಜಾರಿತು. 8ರದ್ದು ಮುಟ್ಟಿದರೆ ಲೋಳೆ ಲೋಳೆ. 12ರದ್ದು ಗಟ್ಟಿ ನಿಂತು ಚಿತ್ರವೂ ಚೆನ್ನಾಗಿ ತೆರೆಯಿತು. 16ರದ್ದರಲ್ಲಿ ಸಿಂಗಾರದ ಸಣ್ಣ ಎಳೆ ಮುಚ್ಚಿಹೋಗಿದ್ದವು. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಈ ಪೆಟ್ಟಿಗೆಗೆ, ಈ ಎಮಲ್ಷನ್ನಿಗೆ, ಈ ಮೆಶ್‌ಗೆ 12.

ಈಗ ಹೊಸ ತೊಂದರೆ. ಚಿತ್ರ ಚೆನ್ನಾಗಿದೆ, ಪದ ಹಾಳು. ‘ಕೃ’ದ ಕೆಳಗಿನ ಸುಳಿ ಮುಚ್ಚಿ ಒಂದು ಚುಕ್ಕೆ ಆಗಿದೆ. ‘ಜ್ಞ’ದ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಒಂದೇ ಮುದ್ದೆ. ದೂರದಿಂದ ನೋಡಿದರೆ ಏನು ಬರೆದಿದೆ ಅಂತಲೇ ತಿಳಿಯುವುದಿಲ್ಲ. ಮದುವೆಗೆ ಬಂದವರ ಕೈಗೆ ಇದನ್ನು ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಅಕ್ಷರಪ್ರೀತಿ

ಅಕ್ಕ, ಇದು ನಿಮ್ಮ ಕೈಯ ತಪ್ಪಲ್ಲ. ನಾನು ಕನ್ನಡ ಅಕ್ಷರ ವಿನ್ಯಾಸ ಮಾಡುತ್ತೇನೆ. ವಿಡಿಯೊಗಳಲ್ಲಿ ತೋರಿಸುವುದೆಲ್ಲ ಇಂಗ್ಲಿಷ್ ದಪ್ಪಕ್ಷರ. ಅಲ್ಲಿ ಒಂದು ಸಾಲು ಅಂದರೆ ಒಂದೇ ಅಂತಸ್ತು. ನಮ್ಮಲ್ಲಿ ತಲೆಕಟ್ಟು ಮೇಲೆ, ಅಕ್ಷರ ನಡುವೆ, ಒತ್ತು ಕೆಳಗೆ. ಒತ್ತಿನ ಗೆರೆ ಮೇಲಿನ ಅಕ್ಷರದ ಗೆರೆಗಿಂತ ಸಣ್ಣ. ಸುಳಿಯ ಒಳಗಿನ ಖಾಲಿ ಜಾಗ ಇನ್ನೂ ಸಣ್ಣ. ಅಚ್ಚಿನಲ್ಲಿ ಮೊದಲು ಸಾಯುವುದು ಆ ಖಾಲಿ ಜಾಗವೇ.

ಲೆಕ್ಕ ನೋಡಿ. 43ಟಿ ಅಂದರೆ ಒಂದು ಸೆಂಟಿಮೀಟರಿನಲ್ಲಿ 43 ಎಳೆ. ಎಳೆಯಿಂದ ಎಳೆಗೆ ಸುಮಾರು 0.23 ಮಿಲಿಮೀಟರ್. ಖಾಲಿ ಜಾಗ ಉಳಿಯಬೇಕಾದರೆ ಅಲ್ಲಿ ಕೊನೇಪಕ್ಷ ಮೂರು ಎಳೆ ಕೂರಬೇಕು, ಅಂದರೆ 0.7 ಮಿಲಿಮೀಟರ್. ನಿಮ್ಮ ‘ಕೃ’ದ ಸುಳಿಯ ಒಳಗನ್ನು ಸ್ಕೇಲ್ ಇಟ್ಟು ಅಳೆಯಿರಿ, ಅಷ್ಟು ಇರಲಿಕ್ಕಿಲ್ಲ. 77ಟಿ ಮೆಶ್ ಹಾಕಿದರೆ ಎಳೆಯ ಅಂತರ 0.13ಕ್ಕೆ ಇಳಿಯುತ್ತದೆ.

ಮೆಶ್ ಬದಲಿಸುವ ಮೊದಲು ಅಕ್ಷರ ಬದಲಿಸಿ. ತಲೆಕಟ್ಟು, ಒತ್ತು ಎಲ್ಲ ಒಂದೇ ದಪ್ಪ ಇರುವ ಫಾಂಟ್ ತೆಗೆದುಕೊಳ್ಳಿ. ‘ಬಾಲೂ ತಮ್ಮ 2’ ಎಂಬ ಫಾಂಟ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಎಲ್ಲಕ್ಕಿಂತ ತೆಳುವಾದ ರೆಗ್ಯುಲರ್ ಬಗೆಯನ್ನು ಬಳಸಿ. ಒತ್ತನ್ನು ಸ್ವಲ್ಪ ಕೆಳಕ್ಕೆ ಸರಿಸಿ, ಸುಳಿಯನ್ನು ಬೇಕೆಂದೇ ಅಗಲ ಮಾಡಿ. ಪರದೆ ಮೇಲೆ ಸ್ವಲ್ಪ ವಿಚಿತ್ರ ಕಾಣುತ್ತದೆ. ಬಟ್ಟೆ ಮೇಲೆ ಬಣ್ಣ ಹರಡಿದಾಗ ಸರಿಯಾಗುತ್ತದೆ. ಝೆರಾಕ್ಸ್ ಅಂಗಡಿಗೆ ಕೊಡುವಾಗ ಅಕ್ಷರವನ್ನು ಗೆರೆಗಳಾಗಿ ಬದಲಿಸಿ ಪಿಡಿಎಫ್ ಕೊಡಿ. ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಒತ್ತುಗಳು ಒಡೆದು ಬರುತ್ತವೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಲ್ವಾ.

ತಿರುಪ್ಪೂರು ಕನ್ನಡಿಗ

77ಟಿ ಬೇಡ ಎಂದು ನನ್ನ ಸಲಹೆ. ಚೀಲದ ಬಟ್ಟೆ ಒರಟು. ಪಿಗ್ಮೆಂಟ್ ಬಣ್ಣ 77ರಲ್ಲಿ ಕಡಿಮೆ ಇಳಿಯುತ್ತದೆ, ಬಟ್ಟೆಯ ನೂಲಿನ ಉಬ್ಬಿಗೆ ಮಾತ್ರ ತಾಗಿ ಮಾಸಲು ಕಾಣುತ್ತದೆ. ಬೇಗ ಮುಚ್ಚಿಕೊಳ್ಳುತ್ತದೆ ಕೂಡ. 55ಟಿ ಹಾಕಿ. ಪದವನ್ನು ದೊಡ್ಡದು ಮಾಡಿ. ಚೀಲದಲ್ಲಿ ಜಾಗ ಇದೆಯಲ್ಲ.

ಅಕ್ಷರಪ್ರೀತಿ

ಬಟ್ಟೆಯ ವಿಚಾರದಲ್ಲಿ ನಿಮ್ಮ ಮಾತೇ ಸರಿ. ನನ್ನ ಅನುಭವ ಕಾಗದದ್ದು. 55ಟಿ ಆದರೆ ಸುಳಿಯ ಒಳಗೆ 77ಟಿಗೆ ಬೇಕಾದ್ದಕ್ಕಿಂತ ಜಾಸ್ತಿ ಜಾಗ ಇಟ್ಟುಕೊಳ್ಳಿ ಅಕ್ಕ.

ಸಾಗರದವಳು

55ಟಿ ಮಾಡಿದೆ. ಪದವನ್ನು ಒಂದೂವರೆ ಪಟ್ಟು ದೊಡ್ಡದು ಮಾಡಿದೆ. ‘ಜ್ಞ’ದ ಒತ್ತನ್ನು ನಾನೇ ಕೂತು ಕೆಳಕ್ಕೆ ಸರಿಸಿದೆ. ಸ್ಕ್ರೀನ್ ತೊಳೆದು ಬೆಳಕಿಗೆ ಹಿಡಿದಾಗ ‘ಕೃ’ದ ಸುಳಿಯೊಳಗೆ ಸಾಸಿವೆಯಷ್ಟು ಎಮಲ್ಷನ್ ಗಟ್ಟಿಯಾಗಿ ನಿಂತಿತ್ತು, ಸುತ್ತ ಬೆಳಕು. ಅದನ್ನು ನೋಡಿ ಅಮ್ಮನನ್ನು ಕೂಗಿ ಕರೆದೆ.

ಆದರೆ ಹೊಡೆದಾಗ ಬಣ್ಣ ಅಂಚಿನಿಂದ ಆಚೆ ಹರಿಯಿತು. ಹಳೆ ಬೆಡ್‌ಶೀಟಿನ ತುಂಡಿನ ಮೇಲೆ ಐದು ಹೊಡೆದೆ. ಮೊದಲ ಎರಡು ಚೆನ್ನ, ಮೂರರಿಂದ ಮಬ್ಬು. ಸ್ಕ್ರೀನ್ ತಿರುಗಿಸಿ ನೋಡಿದರೆ ಹಿಂದೆ ಬಣ್ಣ ಹಸಿಯಾಗಿ ಕೂತಿದೆ.

ತಿರುಪ್ಪೂರು ಕನ್ನಡಿಗ

ಅಕ್ಕ, ಒಂದೊಂದೇ ನೋಡಿ. ಎರಡನ್ನು ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಮೊದಲು ಅಂತರ. ಸ್ಕ್ರೀನ್ ಬಟ್ಟೆಗೆ ಪೂರ್ತಿ ಅಂಟಿ ಕೂರಬಾರದು. ಫ್ರೇಮಿನ ನಾಲ್ಕು ಮೂಲೆಗೆ ಎರಡೆರಡು ಒಂದು ರೂಪಾಯಿ ನಾಣ್ಯ ಅಂಟಿಸಿ. ಸುಮಾರು 3 ಮಿಲಿಮೀಟರ್ ಎತ್ತರ ಸಿಗುತ್ತದೆ. ಸ್ಕ್ವೀಜಿ ಹೋದ ಜಾಗದಲ್ಲಿ ಮಾತ್ರ ಮೆಶ್ ಬಟ್ಟೆಯನ್ನು ಮುಟ್ಟಿ, ಹಿಂದೆಯೇ ತಟ್ ಅಂತ ಎದ್ದುಬಿಡಬೇಕು.

ಆಮೇಲೆ ಸ್ಕ್ವೀಜಿಯ ಓರೆ. ತುಂಬಾ ಮಲಗಿಸಿ ಹಿಡಿದರೆ ಬಣ್ಣ ಜಾಸ್ತಿ ಇಳಿಯುತ್ತದೆ. ಇನ್ನೂ ಸ್ವಲ್ಪ ನೆಟ್ಟಗೆ ಹಿಡಿದು, ಒಂದೇ ಭಾರದಲ್ಲಿ ಎರಡು ಸಲ ಎಳೆಯಿರಿ.

ಕೊನೆಗೆ ಬಣ್ಣ. ದೋಸೆ ಹಿಟ್ಟಿನ ಹಾಗೆ ಹರಿಯಬಾರದು, ಇಡ್ಲಿ ಹಿಟ್ಟಿನ ಹಾಗೆ ನಿಲ್ಲಬೇಕು. ಚೀಲದಲ್ಲಿ ಗಂಜಿ ಇದ್ದರೆ ಒಮ್ಮೆ ತೊಳೆದು ಇಸ್ತ್ರಿ ಮಾಡಿ. ಗಂಜಿಯ ಮೇಲೆ ಕೂತ ಬಣ್ಣ ಗಂಜಿಯ ಜೊತೆಗೇ ಹೋಗುತ್ತದೆ.

ಫಿಕ್ಸರನ್ನು ಅವತ್ತಿಗೆ ಬೇಕಾದಷ್ಟು ಬಣ್ಣಕ್ಕೆ ಮಾತ್ರ ಸೇರಿಸಿ. ಪ್ರಿಂಟ್ ಒಂದು ದಿನ ನೆರಳಲ್ಲಿ ಒಣಗಲಿ. ಆಮೇಲೆ ಮೇಲೊಂದು ತೆಳು ಬಟ್ಟೆ ಹಾಕಿ, ಹಬೆ ಇಲ್ಲದ ಬಿಸಿ ಇಸ್ತ್ರಿಯನ್ನು ಮೂರು ನಾಲ್ಕು ನಿಮಿಷ ಆಡಿಸಿ. ಒಂದೇ ಕಡೆ ನಿಲ್ಲಿಸಬೇಡಿ. ಕಾರ್ಖಾನೆಯವರು ಹಾಕುವ ಪ್ಲಾಸ್ಟಿಸಾಲ್ ಎಂಬ ಬಣ್ಣ ತರಬೇಡಿ. ಅದು ಎಷ್ಟು ದಿನ ಇಟ್ಟರೂ ತಾನಾಗಿ ಒಣಗುವುದಿಲ್ಲ, 160 ಡಿಗ್ರಿ ಆಸುಪಾಸಿನ ಶಾಖ ಬೇಕು.

ಸುಲ್ತಾನ್‌ಪೇಟೆ ಹಳಬ

ನೀರಿನ ಬಣ್ಣ ಹಾಕುವಾಗ ಎಮಲ್ಷನ್ ಮೆತ್ತಗಾಗುತ್ತಾ ಬರುತ್ತದೆ. ತೊಳೆದ ಸ್ಕ್ರೀನ್ ಒಣಗಿದ ಮೇಲೆ ಚಿತ್ರ ಇಲ್ಲದೆ ಬರೀ ಬೆಳಕಿಗೆ ಇನ್ನೊಮ್ಮೆ ಇಡಿ. ಇನ್ನಷ್ಟು ಗಟ್ಟಿಯಾಗುತ್ತದೆ. 150 ಚೀಲ ಕಮ್ಮಿ ಅಲ್ಲ.

ಸಾಗರದವಳು

ಮುಗಿಯಿತು! 150ರಲ್ಲಿ 133 ಚೆನ್ನಾಗಿ ಬಂದವು. 9ರಲ್ಲಿ ಅಂಚು ಸ್ವಲ್ಪ ಮಬ್ಬು, ಅವು ಮನೆ ತರಕಾರಿಗೆ. 8 ಪೂರ್ತಿ ಹಾಳು. ಆರು ಸಂಜೆ ಹಿಡಿಯಿತು. ಅಮ್ಮ ಚೀಲ ಹಾಸಿಕೊಟ್ಟರು, ನಾನು ಎಳೆದೆ, ತಮ್ಮ ಒಂದೊಂದನ್ನೇ ಒಯ್ದು ಜಗಲಿಯಲ್ಲಿ ಹಗ್ಗಕ್ಕೆ ಹಾಕಿದ. ಕ್ಲಿಪ್ ಸಾಲದೆ ಪಕ್ಕದ ಮನೆಯಿಂದ ತಂದೆವು.

ನಾಣ್ಯ ಅಂಟಿಸಿದ ತಕ್ಷಣ ವ್ಯತ್ಯಾಸ ಕಂಡಿತು. ಸ್ಕ್ವೀಜಿ ಸರಿದ ಹಿಂದೆಯೇ ಮೆಶ್ ಏಳುವ ಸದ್ದು, ಒದ್ದೆ ಬಟ್ಟೆ ಬಿಡಿಸಿದ ಹಾಗೆ, ಕಿವಿಗೇ ಕೇಳುತ್ತದೆ. ಎರಡನೇ ದಿನದಿಂದ ಆ ಸದ್ದು ಕೇಳಿಯೇ ಪ್ರಿಂಟ್ ಸರಿ ಬಂತಾ ಅಂತ ಹೇಳುತ್ತಿದ್ದೆ. 90ನೇ ಚೀಲದ ಹತ್ತಿರ ಸಿಂಗಾರದ ಪಕ್ಕ ಮೂರು ತೂತು ಬಿದ್ದವು. ಹಿಂದಿನಿಂದ ಟೇಪ್ ಹಚ್ಚಿ ಮುಂದುವರಿಸಿದೆ.

ಒಂದು ಚೀಲವನ್ನು ಬೇಕೆಂದೇ ಐದು ಸಲ ಸೋಪು ಹಾಕಿ ಒಗೆದೆ. ಬಣ್ಣ ಬಿಡಲಿಲ್ಲ. ಇಸ್ತ್ರಿ ಹಾಕದೆ ಒಗೆದ ಇನ್ನೊಂದರಲ್ಲಿ ಎರಡನೇ ಒಗೆತಕ್ಕೇ ‘ತೆಗಳು’ ಮಾಸಿತು.

ಈಗ ಸ್ಕ್ರೀನ್ ಖಾಲಿ ಮಾಡಬೇಕು. ಅಮ್ಮನ ಮಹಿಳಾ ಸಂಘದವರು ಬೇರೆ ಚಿತ್ರ ಹಾಕಿಕೊಡು ಎಂದು ಕೇಳಿದ್ದಾರೆ. ಎಮಲ್ಷನ್ ತೆಗೆಯುವುದು ಹೇಗೆ?

ಹಾಸನದ ಮೇಷ್ಟ್ರು

ಅಭಿನಂದನೆ ಮೇಡಂ. ಅಂಗಡಿಯಲ್ಲಿ ಇದಕ್ಕೆಂದೇ ಎಮಲ್ಷನ್ ತೆಗೆಯುವ ಪುಡಿ ಸಿಗುತ್ತದೆ, ಅದು ಒಳ್ಳೆಯದು. ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲೂ ಮಾಡುತ್ತಾರೆ. ಹಾಗೆ ಮಾಡುವುದಾದರೆ ಹೊರಗೆ ಗಾಳಿಯಲ್ಲಿ, ಕೈಗವಸು ಹಾಕಿ ಮಾಡಿ. ಬಚ್ಚಲು ತೊಳೆಯುವ ಆ್ಯಸಿಡ್ ಅದರ ಹತ್ತಿರವೂ ಬರಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಧಾರವಾಡದ ಹೊಸಬ

ನನ್ನ ಅಕ್ಷರವೂ ನೆಟ್ಟಗೆ ಬಂದವು ರೀ. ಬೆಳಗ್ಗೆ ಆರಕ್ಕೆ ಕೂತು ಹತ್ತು ಶರ್ಟ್ ಹೊಡೆದೆ, ಒಂದು ಸಲವೂ ಮೆಶ್ ಮುಚ್ಚಲಿಲ್ಲ. ಬಹಳ ಉಪಕಾರ ಆತು.

ಸಾಗರದವಳು

ಪುಡಿ ತರಿಸಿ ತೊಳೆದೆ ಮೇಷ್ಟ್ರೇ. ಎಮಲ್ಷನ್ ಎಲ್ಲ ಹೋಯಿತು. ಆದರೆ ಮೆಶ್ ಮೇಲೆ ಸಿಂಗಾರದ ನೆರಳು ಹಾಗೇ ಉಳಿದಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಮುಂದಿನ ಚಿತ್ರದಲ್ಲಿ ಇದು ಬರುತ್ತದಾ?

ಸುಲ್ತಾನ್‌ಪೇಟೆ ಹಳಬ

ಬರಲ್ಲ ತಂಗಿ. ಅದು ಎಳೆಗೆ ಹಿಡಿದ ಬಣ್ಣದ ಕಲೆ, ಸುಮ್ನೆ ಉಜ್ಜಿ ಮೆಶ್ ಸಡಿಲ ಮಾಡಿಕೊಳ್ಳಬೇಡಿ. ಬೆಳಕಿಗೆ ಹಿಡಿದು ನೋಡಿ. ತೂತುಗಳು ತೆರೆದಿದ್ದರೆ ಸಾಕು, ಅದರ ಮೇಲೇ ಎಮಲ್ಷನ್ ಬಳಿಯಿರಿ.